ಹುಳು ಜ್ವರಕ್ಕೆ ಕೂತಾಗ ಓದಿದ ಕಾದಂಬರಿಗಳು

ರೇಷ್ಮೆಹುಳು ಸಾಕಿದವರಿಗೆಲ್ಲ ಗೊತ್ತಿರುವ ವಿಷಯ, ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಜ್ವರವೆಂದರೆ ಇಲ್ಲಿ ಕಾಯಿಲೆಯಲ್ಲ, ಪೊರೆ ಬಿಡುವ ಕಾಲ. ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿ ಅದು ತಲೆ ಎತ್ತಿಕೊಂಡು ಅಲುಗಾಡದೆ ಕೂತಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಹೊತ್ತುಗೊತ್ತಿಲ್ಲದೆ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೆಚ್ಚಿ, ತಟ್ಟೆಗಳಿಗೆ ಹಾಕುವ ಹೆಂಗಸರಿಗೆ ಸಿಗುವ ಬಿಡುವು ಅದೊಂದೇ. ಕೊಳ್ಳೇಗಾಲ ಸೀಮೆಯ ನಮ್ಮ ಕುಂತೂರಿನಲ್ಲಿ, ನಾನು ಹೈಸ್ಕೂಲಿಗೆ ಹೋಗುತ್ತಿದ್ದ 1980ರ ದಶಕದಲ್ಲಿ, ನಮ್ಮ ಮನೆಯ ಕಾದಂಬರಿ ಓದು ನಡೆಯುತ್ತಿದ್ದದ್ದು ಹುಳು ಜ್ವರಕ್ಕೆ ಕೂತ ಮಧ್ಯಾಹ್ನಗಳಲ್ಲಿ.

ಓದುವವಳು ನಾನು. ಕೇಳುವವರು ಅವ್ವ, ಅಪ್ಪನ ತಂಗಿಯಾದ ನಮ್ಮ ಸೋದರತ್ತೆ, ಜೊತೆಗೆ ನೆರೆಮನೆಯ ಒಬ್ಬಿಬ್ಬರು. ಕಾಲೇಜಿಗೆ ಹೋಗುತ್ತಿದ್ದ ಅಣ್ಣ ಕೊಳ್ಳೇಗಾಲದ ಬಾಡಿಗೆ ಪುಸ್ತಕದ ಅಂಗಡಿಯಿಂದ ದಿನಕ್ಕೆ ನಾಲ್ಕಾಣೆಯ ಲೆಕ್ಕದಲ್ಲಿ ಕಾದಂಬರಿ ತರುತ್ತಿದ್ದ. ರಟ್ಟು ಹಾಕಿ ಹೊಲಿದ ಆ ಪುಸ್ತಕಗಳ ಅಂಚಿನಲ್ಲಿ ಹಿಂದೆ ಓದಿದವರ ಷರಾ ಇರುತ್ತಿತ್ತು. ‘ಇವಳಿಗೆ ಬುದ್ಧಿ ಇಲ್ಲ’, ‘ಅಳು ಬಂತು’, ‘ಗಂಡ ನೀಚ’. ಈಗ ವಿಮರ್ಶೆಯ ಪುಸ್ತಕಗಳನ್ನು ಓದುವಾಗಲೂ ನನಗೆ ಒಮ್ಮೊಮ್ಮೆ ಆ ಷರಾಗಳೇ ಹೆಚ್ಚು ನೇರವಾಗಿದ್ದವು ಅನ್ನಿಸುತ್ತದೆ.

ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ, ಅನುಪಮಾ ನಿರಂಜನ, ಉಷಾ ನವರತ್ನರಾಂ, ಸಾಯಿಸುತೆ. ಗಂಡಸರಲ್ಲಿ ಟಿ.ಕೆ. ರಾಮರಾಯರು, ಅಣ್ಣನಿಗಾಗಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ. ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದ ನರಸಿಂಹಯ್ಯನವರಲ್ಲಿ ಕೊಲೆ ಮೊದಲ ಪುಟಗಳಲ್ಲೇ ಆಗಿಬಿಡುತ್ತಿತ್ತು, ಕೊನೆಗೆ ಕೊಲೆಗಾರ ಸಿಕ್ಕುತ್ತಿದ್ದ, ನೆಮ್ಮದಿ. ಹೆಂಗಸರ ಕಾದಂಬರಿಗಳಲ್ಲಿ ಹಾಗಲ್ಲ. ಅಲ್ಲಿ ಗಂಡ, ಹೆಂಡತಿ, ಮಕ್ಕಳು, ಅತ್ತೆ, ನಾದಿನಿ ಎಲ್ಲರೂ ಅಕ್ಕರೆಯಿಂದಲೇ ಇರುತ್ತಾರೆ. ಆಮೇಲೆ ಒಂದು ಕಾಗದ ಬರುತ್ತದೆ, ಅಥವಾ ಒಂದು ಕಾಯಿಲೆ, ಇಲ್ಲವೆ ಎಂದೋ ಯಾರೋ ಮಾಡಿದ ಒಂದು ತಪ್ಪು ಹೊರಬೀಳುತ್ತದೆ. ಅಕ್ಕರೆ ಎಷ್ಟು ಗಟ್ಟಿ ಎಂಬುದು ಆಗ ತಿಳಿಯುತ್ತದೆ. ಬಿ.ಎ. ಓದುವಾಗ ಇಂಥ ಪುಸ್ತಕಗಳನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಕರೆಯುವುದನ್ನು ನಾನೂ ಕಲಿತೆ. ಒಂದಷ್ಟು ವರ್ಷ ಅವನ್ನು ಮುಟ್ಟಲಿಲ್ಲ. ಮತ್ತೆ ಅವುಗಳ ಕಡೆಗೆ ತಿರುಗಿದ್ದಕ್ಕೆ ಸಾಹಿತ್ಯದ ಕಾರಣ ಇರಲಿಲ್ಲ. ಅದನ್ನು ಮುಂದೆ ಹೇಳುತ್ತೇನೆ.

ಈ ಜಾಡು ಹೊಸದೇನಲ್ಲ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ಮಂಗಳೂರಿನಿಂದ ಬಂತು. ಕಪಟ ಭಕ್ತರ ನಡುವೆ ಸಿಕ್ಕಿಬಿದ್ದ ಎಳೆಯ ವಿಧವೆ ಹೆತ್ತವರ ಮನೆಯನ್ನೇ ಬಿಟ್ಟು ಹೊರಡುವ ಕಥೆ ಅದು. ಹದಿನಾಲ್ಕು ವರ್ಷದ ನಂತರ, 1913ರಲ್ಲಿ, ನಮ್ಮ ಪಕ್ಕದ ನಂಜನಗೂಡಿನ ತಿರುಮಲಾಂಬ ‘ಸತೀ ಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿ ‘ಸುಶೀಲೆ’ಯನ್ನು ಪ್ರಕಟಿಸಿದರು. 1887ರಲ್ಲಿ ಹುಟ್ಟಿ ಬಾಲ್ಯದಲ್ಲೇ ವಿಧವೆಯಾದ ಆಕೆ ತಾವೇ ಬರೆದು, ತಾವೇ ಪ್ರಕಟಿಸಿ, ಪತ್ರಿಕೆಯನ್ನೂ ನಡೆಸಿದರು. ಆದರೆ ಅವರು ಕಾದಂಬರಿಯಲ್ಲಿ ತೋರಿಸಿದ್ದು ಸಹನೆಯೇ ಮೈವೆತ್ತ ಹೆಂಡತಿಯನ್ನು. ಇಂದಿರಾಬಾಯಿ ಹೊಸ್ತಿಲು ದಾಟಿದಳು, ಸುಶೀಲೆ ತಾಳಿಕೊಂಡಳು. ಮುಂದಿನ ಎಷ್ಟೋ ನಾಯಕಿಯರು ಈ ಎರಡರ ನಡುವೆ ಜೋಲಿ ಹೊಡೆದವರೇ.

ನಂಜನಗೂಡು ನಮಗೆ ಪಕ್ಕದ ಊರು ಎಂದೆನಲ್ಲ, ಆ ಕಾಲಕ್ಕೆ ಅದು ಬೇರೆ ರಾಜ್ಯ. ಕೊಳ್ಳೇಗಾಲ ತಾಲ್ಲೂಕು 1956ರ ನವೆಂಬರ್‌ವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ನಮ್ಮ ತಾತ ಜಮೀನಿನ ವ್ಯಾಜ್ಯಕ್ಕೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದದ್ದು ಕೊಯಮತ್ತೂರಿಗೆ. ಮೈಸೂರಿನ ಹೆಂಗಸರು ತಿರುಮಲಾಂಬ ಅವರನ್ನು ಓದುತ್ತಿದ್ದ ದಿನಗಳಲ್ಲಿ ನಮ್ಮ ಮನೆಯಲ್ಲಿ ಓದು ಬಲ್ಲ ಹೆಣ್ಣೇ ಇರಲಿಲ್ಲ. ನಮ್ಮ ಮನೆಗೆ ಕನ್ನಡ ಕಾದಂಬರಿ ಕಾಲಿಟ್ಟದ್ದು ವಾರಪತ್ರಿಕೆಯ ಬಾಗಿಲಿಂದ. 1965ರಲ್ಲಿ ಆರಂಭವಾದ ‘ಸುಧಾ’, 1983ರಲ್ಲಿ ಬಂದ ‘ತರಂಗ’, ಇವುಗಳ ಧಾರಾವಾಹಿ ಹಾಳೆಗಳನ್ನು ಕತ್ತರಿಸಿ ಹೊಲಿದಿಟ್ಟದ್ದೇ ನಮ್ಮ ಮೊದಲ ಗ್ರಂಥಭಂಡಾರ.

ನಂಜನಗೂಡಿನದೇ ಇನ್ನೊಂದು ಕಾದಂಬರಿಯ ಮಾತು ಹೇಳದೆ ಮುಂದೆ ಹೋಗಲಾರೆ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ 1965ರಲ್ಲಿ ಪ್ರಕಟವಾಯಿತು. ಕಪಿಲೆಯ ದಂಡೆಯ ಶ್ರೀನಿವಾಸ ಶ್ರೋತ್ರಿಗಳ ಮನೆ, ಮಗ ಹೊಳೆಪಾಲಾದ ಮೇಲೆ ಉಳಿದ ಸೊಸೆ ಕಾತ್ಯಾಯಿನಿ, ಮಗುವನ್ನು ಬಿಟ್ಟು ಅವಳು ಮಾಡಿಕೊಳ್ಳುವ ಮರುಮದುವೆ. ಕೊನೆಯಲ್ಲಿ ಶ್ರೋತ್ರಿಗಳಿಗೆ ತಮ್ಮ ಹುಟ್ಟಿನ ಗುಟ್ಟು ತಿಳಿಯುತ್ತದೆ. ಯಾವ ವಂಶದ ಶುದ್ಧಿಯನ್ನು ಜೀವಮಾನವಿಡೀ ಕಾಪಾಡಿದರೋ ಆ ವಂಶದ ರಕ್ತವೇ ತಮ್ಮದಲ್ಲ. ಅವರು ಆಸ್ತಿಯನ್ನೆಲ್ಲ ಹಂಚಿ ಸಂನ್ಯಾಸಕ್ಕೆ ಹೊರಡುತ್ತಾರೆ. ಕಾತ್ಯಾಯಿನಿ, ಗರ್ಭ ಮೇಲಿಂದ ಮೇಲೆ ಇಳಿದು ಹೋಗಿ, ಹಾಸಿಗೆ ಹಿಡಿದು ಸಾಯುತ್ತಾಳೆ. ಮೊದಲ ಸಲ ಓದಿದಾಗ ಶ್ರೋತ್ರಿಗಳ ದೊಡ್ಡತನಕ್ಕೆ ಕೈ ಮುಗಿದಿದ್ದೆ. ಈಗಲೂ ಅದು ದೊಡ್ಡ ಕಾದಂಬರಿಯೇ, ಅನುಮಾನವಿಲ್ಲ. ಆದರೆ ಈಗ ಓದಿದಾಗ ಬೇರೊಂದು ಕಣ್ಣಿಗೆ ಬೀಳುತ್ತದೆ. ಮನೆಯ ನೆಲ ಕುಸಿದಾಗ ಗಂಡಸಿಗೆ ಎದ್ದು ಹೋಗುವುದಕ್ಕೊಂದು ದಾರಿ ಇದೆ, ಆ ದಾರಿಗೆ ಗೌರವದ ಹೆಸರೂ ಇದೆ. ಹೆಂಗಸಿಗೆ ಇರುವುದು ಹಾಸಿಗೆ.

ಇಂಥ ಕಾದಂಬರಿಗಳಲ್ಲೆಲ್ಲ ನನ್ನ ಬದುಕಿಗೆ ತೀರ ಹತ್ತಿರ ಬಂದದ್ದು ತ್ರಿವೇಣಿಯವರ ‘ಶರಪಂಜರ’. ತ್ರಿವೇಣಿ ಬಿ.ಎಂ.ಶ್ರೀಯವರ ತಮ್ಮನ ಮಗಳು. 1928ರಲ್ಲಿ ಹುಟ್ಟಿದವರು, ಮೈಸೂರಿನಲ್ಲಿ ಮನಃಶಾಸ್ತ್ರ ಓದಿ ಬಿ.ಎ. ಮಾಡಿದವರು. ಬರೆದದ್ದು ಹತ್ತೇ ಹನ್ನೊಂದು ವರ್ಷ, ಅಷ್ಟರಲ್ಲೇ ಇಪ್ಪತ್ತರಷ್ಟು ಕಾದಂಬರಿ. ‘ಶರಪಂಜರ’ದ ಕಾವೇರಿಗೆ ಎರಡನೆಯ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಆ ಕಾಯಿಲೆಯಲ್ಲಿ, ಮದುವೆಗೆ ಮೊದಲು ನಡೆದು ಅವಳು ಬಚ್ಚಿಟ್ಟುಕೊಂಡಿದ್ದ ಸಂಗತಿಯೊಂದು ಬಾಯಿಗೆ ಬಂದುಬಿಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಮನೆ ಮಾತ್ರ ವಾಸಿಯಾಗಿರುವುದಿಲ್ಲ. ಗಂಡ ಸತೀಶ ದೂರ ಸರಿದಿದ್ದಾನೆ, ನೆಂಟರು ಹೆದರಿಕೆಯಿಂದ ನೋಡುತ್ತಾರೆ, ಅವಳು ನಕ್ಕರೂ ಹುಚ್ಚು, ಸಿಟ್ಟು ಮಾಡಿದರೂ ಹುಚ್ಚು. ಕೊನೆಗೆ ಮತ್ತೆ ಆಸ್ಪತ್ರೆಯೇ ಗತಿ. ಪುಟ್ಟಣ್ಣ ಕಣಗಾಲರು 1971ರಲ್ಲಿ ಇದನ್ನು ಸಿನಿಮಾ ಮಾಡಿದ ಮೇಲೆ ಕಲ್ಪನಾ ಅವರ ಕಾವೇರಿ ಓದು ಬಾರದವರ ಮನೆಗೂ ಹೋದಳು. ತ್ರಿವೇಣಿ ಅದನ್ನು ನೋಡಲಿಲ್ಲ. ಬಾಣಂತಿಯ ಸಂಕಟವನ್ನು ಅಷ್ಟು ಬಲ್ಲ ಆಕೆ 1963ರ ಜುಲೈನಲ್ಲಿ, ಹೆಣ್ಣುಮಗುವನ್ನು ಹೆತ್ತ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡಿದ್ದರು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಣ್ಣ ಆ ಪುಸ್ತಕ ತಂದ. ಹುಳು ಮೂರನೆಯ ಜ್ವರಕ್ಕೆ ಕೂತಿತ್ತು. ಓದಲು ಶುರುಮಾಡಿದಾಗ ಅವ್ವ ಎರಡು ಸಲ “ಬೇರೆ ಪುಸ್ತಕ ಇಲ್ವಾ?” ಎಂದಳು. ಸೋದರತ್ತೆ “ಓದ್ಲಿ ಬುಡತ್ಗೆ” ಎಂದರು. ಎರಡು ಮಧ್ಯಾಹ್ನ ಹಿಡಿಯಿತು. ಕಾವೇರಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಭಾಗ ಬಂದಾಗ ನೆರೆಮನೆಯಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅತ್ತೆ ಅಳಲಿಲ್ಲ. ಖಾಲಿ ಚಂದ್ರಿಕೆಯೊಂದನ್ನು ಮಡಿಲಲ್ಲಿಟ್ಟುಕೊಂಡು ಅದರ ಬಿದಿರು ಸೀಳುಗಳ ಸಂದಿಯಿಂದ ಹಳೆಯ ರೇಷ್ಮೆ ಎಳೆ ಕೀಳುತ್ತಿದ್ದವರು ತಲೆಯೆತ್ತದೆ ಕೇಳಿದರು:

“ಆ ಕೂಸು ಯಾರತ್ರ ಇತ್ತು ಮಗ?”

ನಾನು ಹಿಂದಿನ ಪುಟಗಳನ್ನು ಮಗುಚಿ ಹುಡುಕತೊಡಗಿದೆ. ಅವ್ವ ಪುಸ್ತಕ ಕಿತ್ತುಕೊಂಡು “ಸೊಪ್ಪು ಬಾಡ್ತಾ ಅದೆ, ಎದ್ದೇಳಿ” ಎಂದಳು. ಹುಳು ಜ್ವರದಿಂದ ಏಳಲು ಇನ್ನೂ ಬಹಳ ಹೊತ್ತಿತ್ತು. ಸೊಪ್ಪಿನ ಅಗತ್ಯವೇ ಇರಲಿಲ್ಲ.

ಸೋದರತ್ತೆ ಏಕೆ ತವರಿನಲ್ಲಿದ್ದಾರೆ ಎಂದು ಚಿಕ್ಕಂದಿನಲ್ಲಿ ಕೇಳಿದಾಗೆಲ್ಲ ಬರುತ್ತಿದ್ದ ಉತ್ತರ ಒಂದೇ: “ಅವಳ್ಗೆ ಗಂಡನ ಮನೆ ನೀರು ಒಗ್ಗಲಿಲ್ಲ.” ನಿಜ ನನಗೆ ತಿಳಿದದ್ದು 1995ರಲ್ಲಿ, ನನ್ನ ಮದುವೆ ಗೊತ್ತಾದಾಗ. ದೊಡ್ಡಪ್ಪ ಹಿತ್ತಲಿಗೆ ಕರೆದು ಹೇಳಿದರು. ನಾನು ಹುಟ್ಟುವುದಕ್ಕೆ ಸ್ವಲ್ಪ ಮೊದಲು, ಎರಡನೆಯ ಹೆರಿಗೆಯಾದ ಮೇಲೆ ಅತ್ತೆಗೆ ಬಾಣಂತಿ ಸನ್ನಿಯಾಯಿತಂತೆ. ಬೆಂಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳಿದ್ದು ಪೂರಾ ಗುಣವಾಗಿ ಬಂದರಂತೆ. ಅಷ್ಟರಲ್ಲಿ ಗಂಡ ಎಳೆಕೂಸನ್ನೂ ದೊಡ್ಡ ಮಗುವನ್ನೂ ಇಟ್ಟುಕೊಂಡು, ಬೇರೆ ಹೆಣ್ಣು ನೋಡಿ, ವರ್ಷದೊಳಗೆ ಮದುವೆಯಾದನಂತೆ. ಸಂಬಂಧ ಪೂರ್ತಿ ಕೆಡಬಾರದೆಂದು ನಮ್ಮ ಅಪ್ಪನೇ ಹೋಗಿ ಆ ಮದುವೆಯ ಊಟ ಮಾಡಿ ಬಂದರಂತೆ. “ಗಂಡಿನ ಕಡೆಯೋರ ಮುಂದೆ ಈ ಮಾತು ಎತ್ತಬೇಡ, ರಕ್ತದಲ್ಲಿ ಅದೆ ಅಂದ್ಬುಟ್ಟಾರು” ಎಂದರು ದೊಡ್ಡಪ್ಪ.

ಬಾಣಂತಿ ಸನ್ನಿಯೆಂದು ನಮ್ಮ ಹಳ್ಳಿಯವರು ಕರೆಯುವ ಕಾಯಿಲೆ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಬರುವಂಥದು. ತಕ್ಕ ಚಿಕಿತ್ಸೆಯಾದರೆ ಹೆಚ್ಚಿನವರು ಗುಣವಾಗುತ್ತಾರೆ. ಇದನ್ನು ಈಗ ಎಲ್ಲಿ ಬೇಕಾದರೂ ಓದಿ ತಿಳಿಯಬಹುದು. ಆ ದಿನ ನನಗೆ ತಿಳಿದಿರಲಿಲ್ಲ. ನಾನು ಬಿ.ಎ., ಬಿ.ಎಡ್. ಮಾಡಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು. ಗುಟ್ಟು ಬಚ್ಚಿಟ್ಟು ಹಾಳಾದ ಎಷ್ಟು ನಾಯಕಿಯರಿಗೆ ಕಣ್ಣೀರು ಸುರಿಸಿದ್ದೆನೋ ಲೆಕ್ಕವಿಲ್ಲ. ನಾನೂ ಗುಟ್ಟು ಬಚ್ಚಿಟ್ಟೆ. ಗಂಡನಿಗೆ ಹೇಳಲಿಲ್ಲ. ನನ್ನ ಎರಡನೆಯ ಬಾಣಂತನದಲ್ಲಿ ರಾತ್ರಿ ನಿದ್ದೆ ಬಾರದೆ ಹೊರಳಿದಾಗೆಲ್ಲ ಎದ್ದು ಕೂತು ಮಗ್ಗಿ ಹೇಳಿಕೊಳ್ಳುತ್ತಿದ್ದೆ, ಬುದ್ಧಿ ನೆಟ್ಟಗಿದೆಯೋ ಇಲ್ಲವೋ ನೋಡಿಕೊಳ್ಳಲು. ಹತ್ತೊಂಬತ್ತರ ಮಗ್ಗಿ ತಪ್ಪಿದ ಒಂದು ರಾತ್ರಿ ನನಗೆ ಬಂದ ಬೆವರು ಇನ್ನೂ ನೆನಪಿದೆ. ಹತ್ತೊಂಬತ್ತರ ಮಗ್ಗಿ ನನಗೆ ಯಾವಾಗಲೂ ತಪ್ಪುತ್ತಿತ್ತು ಎಂಬುದು ಬೆಳಿಗ್ಗೆ ಹೊಳೆಯಿತು.

ಆ ಕಾದಂಬರಿಗಳನ್ನು ನಾನು ಮತ್ತೆ ಕೈಗೆತ್ತಿಕೊಂಡದ್ದು ಆಗ. ಅವುಗಳ ಜೊತೆಗೆ ಕಾನೂನನ್ನೂ ಒಂದಿಷ್ಟು ಓದಿದೆ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ, ಮೂರು ವರ್ಷ ಬಿಡದೆ ಇದ್ದು ವಾಸಿಯಾಗದ ಬುದ್ಧಿಭ್ರಮಣೆಗೆ ವಿಚ್ಛೇದನ ಕೇಳಬಹುದೆಂದಿತ್ತು. 1976ರ ತಿದ್ದುಪಡಿಯಲ್ಲಿ ಆ ಮೂರು ವರ್ಷದ ಮಾತು ಹೋಯಿತು. ಅದೇ ತಿದ್ದುಪಡಿಯಲ್ಲಿ ಮೂರ್ಛೆರೋಗವನ್ನೂ ಮದುವೆಗೆ ಅಡ್ಡಿಯೆಂದು ಸೇರಿಸಿದರು, 1999ರಲ್ಲಿ ತೆಗೆದರು. ಕುಷ್ಠರೋಗ ವಿಚ್ಛೇದನಕ್ಕೆ ಕಾರಣವೆಂಬ ಮಾತು ಹೋದದ್ದು 2019ರಲ್ಲಿ. ನಮ್ಮ ಮನೆಗಳು ಕಾಯಿಲೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡದ್ದು ಬರೀ ಮೌಢ್ಯದಿಂದಲ್ಲ ಎಂದು ಆಗ ಅರ್ಥವಾಯಿತು. ಕಾನೂನಿನ ಪುಸ್ತಕದಲ್ಲೇ ಕಾಯಿಲೆಯ ಹೆಂಡತಿಯನ್ನು ಕಳಿಸಿಬಿಡಲು ಒಂದು ಬಾಗಿಲು ತೆರೆದಿತ್ತು.

ಆದರೆ ಅತ್ತೆಯ ಗಂಡ ಆ ಬಾಗಿಲ ತನಕವೂ ಹೋಗಲಿಲ್ಲವಲ್ಲ. ಕೋರ್ಟಿಲ್ಲ, ವಿಚ್ಛೇದನವಿಲ್ಲ. ಹೆಂಡತಿ ಬದುಕಿರುವಾಗಲೇ ಇನ್ನೊಂದು ಮದುವೆಯಾಗುವುದು ಅದೇ 1955ರ ಕಾಯ್ದೆಯ ಪ್ರಕಾರ ಅಪರಾಧ, ಜೈಲು ಶಿಕ್ಷೆಯಾಗುವಂಥ ಅಪರಾಧ. ನನ್ನ ಕಾದಂಬರಿಗಳ ಮೂರು ಪರೀಕ್ಷೆಗಳೂ, ಅಪರಾಧ, ಕಾಯಿಲೆ, ಗುಟ್ಟು, ನಮ್ಮ ಹಜಾರದಲ್ಲೇ ನಡೆದುಹೋಗಿದ್ದವು. ವಿಚಿತ್ರವೆಂದರೆ ಅಪರಾಧಕ್ಕೆ ಯಾರೂ ಮರೆ ಕಟ್ಟಲಿಲ್ಲ. ಅದಕ್ಕೆ ಚಪ್ಪರ ಹಾಕಿ, ವಾಲಗ ಊದಿಸಿ, ಊಟ ಹಾಕಿದರು. ಮುಚ್ಚಿಟ್ಟದ್ದು ಕಾಯಿಲೆಯನ್ನು ಮಾತ್ರ. ನರಸಿಂಹಯ್ಯನವರ ಪುರುಷೋತ್ತಮ ಬಂದಿದ್ದರೂ ಪತ್ತೆ ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ.

ಗುಟ್ಟುಗಳೆಲ್ಲ ಒಂದೇ ಜಾತಿಯವಲ್ಲ ಎಂದು ತೋರಿಸಿಕೊಟ್ಟವರು ಎಂ.ಕೆ. ಇಂದಿರಾ. ನಲವತ್ತು ದಾಟಿದ ಮೇಲೆ ಬರೆಯಲು ಕೂತ ಆ ಮಲೆನಾಡಿನ ಗೃಹಿಣಿಯ ‘ಫಣಿಯಮ್ಮ’ 1976ರಲ್ಲಿ ಬಂತು. ಎಳವೆಯಲ್ಲೇ ವಿಧವೆಯಾದ, ಅವರ ಮನೆತನದಲ್ಲೇ ಬಾಳಿದ್ದ ಹೆಂಗಸಿನ ಕಥೆ. ಮಡಿಯ ಫಣಿಯಮ್ಮ ಕೇರಿಯ ಹೆಣ್ಣೊಬ್ಬಳ ಕಷ್ಟದ ಹೆರಿಗೆಗೆ ಗುಟ್ಟಾಗಿ ಹೋಗಿ ಕೂಸನ್ನು ಹೊರತೆಗೆಯುತ್ತಾಳೆ, ಯಾರಿಗೂ ಹೇಳುವುದಿಲ್ಲ. ಒಬ್ಬಳ ಪ್ರಾಣ ಉಳಿಸಿದ ಗುಟ್ಟು ಅದು. ದೊಡ್ಡಪ್ಪ ನನಗೆ ಒಪ್ಪಿಸಿದ ಗುಟ್ಟು ಯಾರನ್ನೂ ಉಳಿಸಲಿಲ್ಲ.

ನಮ್ಮ ಕಡೆಯ ಮಾತಿನಲ್ಲೇ ಬಂದ ಕಥೆ ಬೇಕೆಂದರೆ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಇದೆ. 1984ರಲ್ಲಿ ಬಂದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಬೆಂಗಳೂರಿನ ಕಡೆಯವರು ಅದರ ಭಾಷೆ ಕಷ್ಟವೆಂದರೆ ನನಗೆ ಒಳಗೊಳಗೇ ಹೆಮ್ಮೆ, ನಮ್ಮ ಅವ್ವ ಮಾತಾಡುವ ಭಾಷೆ ಅದು. ಮೇಲುಜಾತಿಯ ಮನೆಯ ಕುಸುಮ, ದಲಿತ ಯುವಕ ಚೆನ್ನ, ಅವರ ಕೂಸು, ಚೆನ್ನನ ಕೊಲೆ. ಊರು ಮಲಗಿದ ಮೇಲೆ ಮನೆಮನೆಯ ದೀಪಗಳು, ಜೋತಮ್ಮಂದಿರು, ಒಂದೆಡೆ ಸೇರಿ ತಂತಮ್ಮ ಮನೆಯ ಸಮಾಚಾರ ಮಾತಾಡಿಕೊಳ್ಳುತ್ತವೆ. ಬಾಗಿಲು ಹಾಕಿಕೊಂಡು ಮಾಡಿದ್ದು ಬೇರೆ ಯಾರಿಗೆ ತಿಳಿಯದಿದ್ದರೂ ಆ ಮನೆಯ ದೀಪಕ್ಕೆ ತಿಳಿದಿರುತ್ತದಲ್ಲ.

ಈ ಮಾತು ಎಷ್ಟು ನಿಜವೆಂದು 2011ರಲ್ಲಿ ಕಂಡೆ. ಸೋದರತ್ತೆ ಆ ವರ್ಷ ತೀರಿಕೊಂಡರು. ಮಣ್ಣು ಮಾಡಿ ಬಂದ ರಾತ್ರಿ ನಾನು ಗಂಡನ ಮುಂದೆ ಕೂತು, ಹದಿನಾರು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ. ಅವರು ಸುಮ್ಮನೆ ಕೇಳಿ, “ಗೊತ್ತಿತ್ತು. ಹೆಣ್ಣು ನೋಡೋಕೆ ಬಂದ ದಿನವೇ ಬಸ್ಸಿಳಿದ ಕಡೆ ಟೀ ಅಂಗಡಿಯಲ್ಲಿ ಹೇಳಿದ್ರು” ಎಂದರು. ಮತ್ತೆ ಯಾಕೆ ಕೇಳಲಿಲ್ಲವೆಂದರೆ, “ನೀನು ಹೇಳ್ತೀಯ ಅಂತ ಕಾದೆ” ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಮಾಧಾನಕ್ಕೋ ಸಿಟ್ಟಿಗೋ ಈಗಲೂ ಹೇಳಲಾರೆ. ಕಾದಂಬರಿಯಾಗಿದ್ದರೆ ಇಲ್ಲಿ ಇಬ್ಬರ ಕಣ್ಣಲ್ಲೂ ನೀರು ಬರಬೇಕಿತ್ತು.

ತಿಥಿಯ ದಿನ ಅತ್ತೆಯ ಮಗಳು ಬಂದಿದ್ದಳು, ಆ ಎಳೆಕೂಸು. ನಲವತ್ತು ದಾಟಿದ ಹೆಂಗಸು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಅಮ್ಮನ ಹಾಸಿಗೆ ಯಾವುದು ಎಂದು ಕೇಳಿದಳು. ತೋರಿಸಿದೆವು. ಅತ್ತೆ ಮತ್ತು ಅವಳು ಅಷ್ಟು ವರ್ಷದಲ್ಲಿ ಎರಡು ಸಲ ಮಾತ್ರ ಭೇಟಿಯಾಗಿದ್ದರೆಂದು ಅವಳೇ ಹೇಳಿದಳು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಬಾಣಂತಿಯರನ್ನು ಕೂಸಿನ ಜೊತೆಯಲ್ಲೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೊಂದು 2009ರಲ್ಲಿ ಆರಂಭವಾಯಿತೆಂದು ನಾನು ಆಮೇಲೆ ಓದಿದೆ. “ಆ ಕೂಸು ಯಾರತ್ರ ಇತ್ತು” ಎಂದು ಒಬ್ಬ ಹೆಂಗಸು ರೇಷ್ಮೆ ಎಳೆ ಕೀಳುತ್ತ ಕೇಳಿ ಅಷ್ಟು ಹೊತ್ತಿಗೆ ಇಪ್ಪತ್ತೈದು ವರ್ಷವಾಗಿತ್ತು.

ಅತ್ತೆಗೆ ಕಾದಂಬರಿಗಿಂತ ಇಷ್ಟವಾದ ಕಥೆ ಇನ್ನೊಂದಿತ್ತು. ನಮ್ಮೂರಿನ ಮಠದ ಹೆಸರು ಮಲೆ ಮಾದೇಶ್ವರನ ಕಾವ್ಯದಲ್ಲಿ ಬರುತ್ತದೆ. ಸುತ್ತೂರು ಮಠದಂತೆ ಕುಂತೂರು ಮಠದಲ್ಲೂ ಮಾದಪ್ಪ ಇದ್ದು, ಆಮೇಲೆ ಏಳುಮಲೆಗೆ ನಡೆದವನು. ಅದರಿಂದ ಕಂಸಾಳೆಯ ದೇವರಗುಡ್ಡರು ನಮಗೆ ಮನೆಯವರಿದ್ದಂತೆ. ಪಿ.ಕೆ. ರಾಜಶೇಖರ ಅವರು ಆ ಕಾವ್ಯವನ್ನು 1973ರಲ್ಲೇ ಪುಸ್ತಕವಾಗಿ ತಂದಿದ್ದರೂ ನಮ್ಮ ಮನೆಯವರು ಕೇಳಿದ್ದು ಜಗಲಿಯಲ್ಲಿ ಕೂತು. ಅದರಲ್ಲಿ ಸಂಕಮ್ಮನ ಸಾಲು ಎಂಬ ಭಾಗವಿದೆ. ಸೋಲಿಗರ ನೀಲೇಗೌಡ ಕಾಡಿಗೆ ಹೊರಡುವಾಗ, ತಾನಿಲ್ಲದಾಗ ತಪ್ಪಿ ನಡೆಯುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದು ಹೆಂಡತಿ ಸಂಕಮ್ಮನನ್ನು ಕೇಳುತ್ತಾನೆ. ಅವಳು ಕೊಡುವುದಿಲ್ಲ. ತಪ್ಪು ಮಾಡದವಳು ಭಾಷೆ ಏಕೆ ಕೊಡಬೇಕು? ಅವನು ಕೊಡಬಾರದ ಹಿಂಸೆ ಕೊಟ್ಟು, ಅವಳನ್ನು ಗುಡಿಸಲಲ್ಲಿ ಹಾಕಿ, ಕಾಡಿಗೆ ಹೋಗುತ್ತಾನೆ. ಆಗ ಮಾದಪ್ಪ ಬರುತ್ತಾನೆ. ಬಂಜೆ ಎನಿಸಿಕೊಂಡವಳಿಗೆ ಅವಳಿಮಕ್ಕಳ ವರ ಸಿಗುತ್ತದೆ, ಕಾರಯ್ಯ, ಬಿಲ್ಲಯ್ಯ. ಕಾವೇರಿಗೂ ಕಾತ್ಯಾಯಿನಿಗೂ ಬರೆದವರು ಯಾವ ಮಾದಪ್ಪನನ್ನೂ ಕಳಿಸಲಿಲ್ಲ. ಅವರು ನಿಜ ಬರೆಯಹೊರಟವರು, ಕಳಿಸುವ ಹಾಗಿ‍ರಲಿಲ್ಲ.

ಗುಡ್ಡರು ಸಾಮಾನ್ಯವಾಗಿ ಒಂದು ಮನೆಯ ಮುಂದೆ ಸ್ವಲ್ಪ ಹೊತ್ತು ಹಾಡಿ, ಭಿಕ್ಷೆ ನೀಡಿಸಿಕೊಂಡು, ಮುಂದಿನ ಮನೆಗೆ ಹೋಗುವವರು. ನಮ್ಮ ಜಗಲಿಯಲ್ಲಿ ಸಂಕಮ್ಮನ ಸಾಲು ಹಿಡಿದರೆ ಅತ್ತೆ ಅವರನ್ನು ಗುಡಿಸಲಿನಲ್ಲಿ ನಿಲ್ಲಿಸಲು ಬಿಡುತ್ತಿರಲಿಲ್ಲ. ಒಳಗೆ ಹೋಗಿ ಮೊರದ ತುಂಬ ರಾಗಿ ತಂದು ಮುಂದಿಟ್ಟುಕೊಂಡು ಕಂಬಕ್ಕೆ ಒರಗಿ ಕೂರುತ್ತಿದ್ದರು. ಹುಳುವಿಗೆ ಸೊಪ್ಪು ಹಾಕುವ ಹೊತ್ತಾಯಿತೆಂದು ಅವ್ವ ಒಳಗಿನಿಂದ ಕೂಗಿದರೆ, ಅಲ್ಲಿಂದಲೇ ಹೇಳುತ್ತಿದ್ದರು:

“ಇರತ್ಗೆ, ಇನ್ನೂ ಮಕ್ಳು ಹುಟ್ಟಿಲ್ಲ. ಮಕ್ಳು ಹುಟ್ಟೋಗಂಟ ಹಾಡ್ಲಿ.”